ನಿರುದ್ಯೋಗ ಭತ್ಯೆ ವಾಪಸ್ ಕಟ್ಟಿ ಎಂದು ಪತ್ರ ಬಂದರೆ ಕಟ್ಟಲೇಬೇಕಾ?

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದಲ್ಲಿದ್ದೇವೆ, ಗ್ರೀನ್ ಕಾರ್ಡ್ ಇದೆ. ಲೇಆಫ್ ಆದಾಗ ಅನ್‌ಎಂಪ್ಲಾಯ್ಮೆಂಟ್ ತಗೊಂಡಿದ್ದೆ. ನಡುವೆ ಕೆಲವು ವಾರ ಪಾರ್ಟ್‌ಟೈಮ್ ಕೆಲಸ ಮಾಡಿ, ಅದನ್ನೂ ತಿಳಿಸಿದ್ದೆ. ಈಗ ಜಾಸ್ತಿ ಹಣ ಕೊಟ್ಟಿದ್ದೇವೆ, ವಾಪಸ್ ಕಟ್ಟಿ ಅಂತ ಪತ್ರ ಬಂದಿದೆ. ಅಪೀಲು ಹಾಕಬಹುದಾ, ಇಲ್ಲ ಸುಮ್ನೆ ಕಟ್ಟಿಬಿಡೋದು ವಾಸಿನಾ?

ಖಂಡಿತ ಹಾಕಬಹುದು. ಗಾಬರಿಯಲ್ಲಿ ಕಟ್ಟಿಬಿಡಬೇಡಿ. ಹಾಗಂತ ಪತ್ರವನ್ನು ಎತ್ತಿಟ್ಟು ಮರೆಯಲೂ ಬೇಡಿ.

ಮೊದಲು ತಾರೀಕು ನೋಡಿ. ಕ್ಯಾಲಿಫೋರ್ನಿಯಾದಲ್ಲಿ ಅಪೀಲಿಗೆ 30 ದಿನ ಸಮಯ. ಪತ್ರ ನಿಮ್ಮ ಕೈಗೆ ಸಿಕ್ಕ ದಿನದಿಂದ ಅಲ್ಲ, ಅವರು ಅಂಚೆಗೆ ಹಾಕಿದ ದಿನದಿಂದ ಲೆಕ್ಕ. ಟೆಕ್ಸಸ್‌ನಲ್ಲಾದರೆ ಬರೀ 14 ದಿನ, ಹಾಗಾಗಿ ಬೇರೆ ರಾಜ್ಯದ ಗೆಳೆಯರ ಮಾತು ಕೇಳಿ ಕೂರಬೇಡಿ. ಗಡುವು ಈಗಾಗಲೇ ದಾಟಿದ್ದರೂ ಅಪೀಲು ಹಾಕಿ, ತಡವಾದ ಕಾರಣ ಬರೆಯಿರಿ. ಆಸ್ಪತ್ರೆಯಲ್ಲಿದ್ದಿರಿ, ಪತ್ರ ಹಳೇ ಮನೆಗೆ ಹೋಗಿತ್ತು ಅನ್ನುವಂಥ ಸರಿಯಾದ ಕಾರಣ ಇದ್ದರೆ ನ್ಯಾಯಾಧೀಶರು ಒಪ್ಪಬಹುದು.

ಆಮೇಲೆ, ಬಂದಿರುವುದು ಒಂದೇ ಪತ್ರವಾ ಎಂದು ನೋಡಿ. ಇಲ್ಲೇ ತುಂಬಾ ಜನ ಎಡವುತ್ತಾರೆ. ‘ಈ ವಾರಗಳಿಗೆ ನಿಮಗೆ ಅರ್ಹತೆ ಇರಲಿಲ್ಲ’ ಎನ್ನುವ ತೀರ್ಮಾನ ಒಂದು ಪತ್ರದಲ್ಲಿ ಇರುತ್ತದೆ. ‘ಆದ್ದರಿಂದ ಇಷ್ಟು ಡಾಲರ್ ಕಟ್ಟಿ’ ಎನ್ನುವುದು ಇನ್ನೊಂದರಲ್ಲಿ. ಎರಡನೆಯದಕ್ಕೆ ಮಾತ್ರ ಅಪೀಲು ಹಾಕಿದರೆ ಮೊದಲನೆಯದನ್ನು ನೀವು ಒಪ್ಪಿಕೊಂಡ ಹಾಗಾಗುತ್ತದೆ. ಒಪ್ಪದ ಪ್ರತಿಯೊಂದು ತೀರ್ಮಾನವನ್ನೂ ಅರ್ಜಿಯಲ್ಲಿ ಹೆಸರಿಸಿ ಬರೆಯಿರಿ.

ಇನ್ನು ನಿಮ್ಮ ವಿಷಯ. ಪಾರ್ಟ್‌ಟೈಮ್ ಮಾಡಿದವರಿಗೆ ಇಂಥ ಪತ್ರ ಬರಲು ಒಂದು ಸಾಮಾನ್ಯ ಕಾರಣವಿದೆ. ತಿಳಿಸಬೇಕಾದದ್ದು ಟ್ಯಾಕ್ಸ್ ಹಿಡಿಯುವ ಮುಂಚಿನ ಸಂಬಳ, ಕೈಗೆ ಬಂದ ಹಣ ಅಲ್ಲ. ಅದೂ ದುಡಿದ ವಾರಕ್ಕೆ ಬರೆಯಬೇಕು, ಚೆಕ್ ಬಂದ ವಾರಕ್ಕಲ್ಲ. ನಿಮ್ಮ ಭತ್ಯೆ ವಾರಕ್ಕೆ 450 ಡಾಲರ್, ಒಂದು ವಾರ ದುಡಿದದ್ದು 200 ಎಂದಿಟ್ಟುಕೊಳ್ಳಿ. ಅದರಲ್ಲಿ ಕಾಲು ಭಾಗ, ಅಂದರೆ 50 ಡಾಲರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಉಳಿದ 150 ಕಳೆದು 300 ಕೊಡುತ್ತಾರೆ. ನೀವು ಕೈಗೆ ಬಂದ 160 ಎಂದು ಬರೆದಿದ್ದರೆ 330 ಸಿಕ್ಕಿರುತ್ತದೆ. ಹೀಗೆ ವಾರಕ್ಕೆ 30 ಡಾಲರ್ ಏರುತ್ತಾ ಹೋಗುತ್ತದೆ. ಪೇ ಸ್ಟಬ್‌ಗಳನ್ನು ಮುಂದಿಟ್ಟುಕೊಂಡು ವಾರವಾರದ ಲೆಕ್ಕ ನೀವೇ ಹಾಕಿ. ಅವರ ಮೊತ್ತ ತಪ್ಪಿದ್ದರೆ ಅದೊಂದೇ ಅಪೀಲಿಗೆ ಸಾಕು.

ಲೆಕ್ಕ ಅವರದ್ದೇ ಸರಿ ಎಂದು ಕಂಡರೂ ಪತ್ರದಲ್ಲಿ ‘ಫ್ರಾಡ್’ ಎಂದಿದೆಯಾ ನೋಡಿ. ಇದ್ದರೆ ಬಿಡಬೇಡಿ. ಆ ಹಣೆಪಟ್ಟಿಯಿಂದ ಶೇ. 30 ದಂಡ ಬೀಳುತ್ತದೆ, ಮುಂದೆ 23 ವಾರದವರೆಗೆ ಭತ್ಯೆ ನಿಲ್ಲಬಹುದು. ಗೊತ್ತಿಲ್ಲದೆ ಆದ ತಪ್ಪು ಬೇರೆ, ಬೇಕೆಂದೇ ಮುಚ್ಚಿಟ್ಟದ್ದು ಬೇರೆ, ಅಲ್ವಾ? ಸಿಟಿಜನ್‌ಶಿಪ್‌ಗೆ ಅರ್ಜಿ ಹಾಕುವ ಯೋಚನೆ ಇದ್ದರೆ ಈ ಒಂದು ಮಾತಿಗಾಗಿಯಾದರೂ ಇಮಿಗ್ರೇಶನ್ ವಕೀಲರನ್ನು ಕೇಳಿ.

ಸರ್ಕಾರದ ಕಂಪ್ಯೂಟರ್ ಹೇಳಿದ ಮೇಲೆ ಮುಗೀತು ಅಂತ ನಮ್ಮವರು ಬೇಗ ಕೈಚೆಲ್ಲುತ್ತಾರೆ. ಮಿಶಿಗನ್‌ನಲ್ಲಿ 2013ರಿಂದ 2015ರವರೆಗೆ ಮೈಡಾಸ್ ಎಂಬ ಕಂಪ್ಯೂಟರ್ ವ್ಯವಸ್ಥೆ ಸುಮಾರು 40,000 ಜನರ ಮೇಲೆ ವಂಚನೆಯ ಆರೋಪ ಹೊರಿಸಿತ್ತು. ಮನುಷ್ಯರು ನೋಡದೆ ಅದೊಂದೇ ತೀರ್ಮಾನಿಸಿದ ಪ್ರಕರಣಗಳನ್ನು ಮರುಪರಿಶೀಲಿಸಿದಾಗ ಶೇ. 93ರಷ್ಟು ತಪ್ಪು ಎಂದು ಗೊತ್ತಾಯಿತು. ಕೊನೆಗೆ 2022ರಲ್ಲಿ ಆ ರಾಜ್ಯ 2 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಿತು. ಅಷ್ಟರಲ್ಲಿ ಎಷ್ಟೋ ಜನರ ಟ್ಯಾಕ್ಸ್ ರೀಫಂಡ್ ಜಪ್ತಿಯಾಗಿತ್ತು.

‘ಹಣ ಕೊಡಬೇಕಾದದ್ದು ನಿಜ, ಆದರೆ ಕಟ್ಟುವ ಶಕ್ತಿ ಇಲ್ಲ’ ಎನ್ನುವುದು ಅಪೀಲಲ್ಲ, ಅದು ಮನ್ನಾ ಕೋರಿಕೆ. ಫ್ರಾಡ್ ಅಲ್ಲದೆ, ನಿಮ್ಮ ತಪ್ಪೂ ಇಲ್ಲದೆ, ಕಟ್ಟಿದರೆ ಸಂಸಾರ ತೀರಾ ಕಷ್ಟಕ್ಕೆ ಬೀಳುತ್ತದೆ ಎಂದಾದರೆ ಕೇಳಬಹುದು.

ಅಪೀಲಿನ ಫಾರ್ಮ್ ಹೆಸರು ಡಿಇ 1000ಎಂ. ಉದ್ದುದ್ದ ಕಥೆ ಬೇಡ. ಯಾವ ತೀರ್ಮಾನ, ಯಾಕೆ ತಪ್ಪು, ಅಷ್ಟು ಸಾಕು. ವಿಚಾರಣೆಯಲ್ಲಿ ಇಂಗ್ಲಿಷ್ ಮಾತಾಡಲು ಅಳುಕಿದ್ದರೆ ‘ದುಭಾಷಿ ಬೇಕು, ಭಾಷೆ ಕನ್ನಡ’ ಎಂದು ಅದರಲ್ಲೇ ಬರೆಯಿರಿ. ಅದಕ್ಕೆ ದುಡ್ಡು ತಗೊಳ್ಳುವುದಿಲ್ಲ. ವಿಚಾರಣೆ ನಡೆಸುವುದು ಭತ್ಯೆ ಕೊಟ್ಟ ರಾಜ್ಯದ ಇಲಾಖೆ ಇಡಿಡಿ ಅಲ್ಲ, ಬೇರೆಯೇ ಮೇಲ್ಮನವಿ ಮಂಡಳಿಯ ನ್ಯಾಯಾಧೀಶರು. ಹೆಚ್ಚಾಗಿ ಫೋನಿನಲ್ಲೇ ನಡೆಯುತ್ತದೆ. ಅದಕ್ಕೂ ಮುಂಚೆ ನಿಮ್ಮ ಕಡತ ಕೇಳಿ ಓದಿಕೊಳ್ಳಿ, ಯಾಕೆಂದರೆ ನಿಮ್ಮ ಹಳೇ ಕಂಪನಿ ನಿಮ್ಮ ಬಗ್ಗೆ ಬರೆದು ಕಳಿಸಿದ್ದು ಅದರಲ್ಲಿರುತ್ತದೆ. ಕರೆ ಬಂದಾಗ ಎತ್ತದಿದ್ದರೆ ಪ್ರಕರಣವೇ ವಜಾ ಆಗಬಹುದು.

ಈಗಲೂ ಕೆಲಸ ಹುಡುಕುತ್ತಿದ್ದರೆ ಎರಡು ವಾರಕ್ಕೊಮ್ಮೆ ಮಾಡುವ ಸರ್ಟಿಫೈ, ಅಂದರೆ ಆ ವಾರಗಳಿಗೂ ನಿಮಗೆ ಅರ್ಹತೆ ಇದೆ ಎಂದು ಇಡಿಡಿಗೆ ತಿಳಿಸುವುದನ್ನು, ನಿಲ್ಲಿಸಬೇಡಿ. ಗೆದ್ದರೂ ಸರ್ಟಿಫೈ ಮಾಡದ ವಾರಕ್ಕೆ ಹಣ ಬರುವುದಿಲ್ಲ. ಸೋತರೆ, ಆ ತೀರ್ಪಿನ ವಿರುದ್ಧ ಮಂಡಳಿಗೇ ಎರಡನೇ ಅಪೀಲು ಹಾಕಲು ಮತ್ತೆ 30 ದಿನ ಇರುತ್ತದೆ.