ವಾಟರ್ ಕೂಲಿಂಗ್ ಹಾಕಿದರೆ ಪಿಸಿ ರೂಮಿಗಿಂತ ತಣ್ಣಗಿರುತ್ತಾ?

ಪ್ರಶ್ನೆ: ಸರ್, ಮೊದಲ ಸಲ ವಾಟರ್ ಕೂಲಿಂಗ್ ಇರೋ ಗೇಮಿಂಗ್ ಪಿಸಿ ಮಾಡಿಸ್ತಾ ಇದ್ದೀನಿ. ನಮ್ಮದು ರಾಯಚೂರು, ಇಲ್ಲಿನ ಬಿಸಿಲು ನಿಮಗೆ ಗೊತ್ತೇ ಇದೆ. ಪ್ರೊಸೆಸರ್ ರೈಜನ್ 7 7800ಎಕ್ಸ್3ಡಿ, ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 5070. 360 ಎಂಎಂ ರೇಡಿಯೇಟರ್ ಹಾಕಿದರೆ ಪಿಸಿ ರೂಮಿಗಿಂತ ತಣ್ಣಗಿರುತ್ತೆ, ರೂಮೂ ಬಿಸಿ ಆಗಲ್ಲ ಅಂತ ಹೇಳ್ತಾರೆ. ಯಾವುದು ತಗೊಳ್ಳಲಿ?

ಉತ್ತರ: 240 ಎಂಎಂನ ಎಐಓ, ಅಂದರೆ ಪಂಪ್, ಪೈಪ್, ರೇಡಿಯೇಟರ್ ಎಲ್ಲ ಜೋಡಿಸಿಯೇ ಬರುವ ವಾಟರ್ ಕೂಲರ್, ಸಾಕು. ನಿಜ ಹೇಳಬೇಕೆಂದರೆ ನೀರಿಲ್ಲದೆ ಗಾಳಿಯಲ್ಲೇ ತಣಿಸುವ, ಎರಡು ಫ್ಯಾನಿನ ಒಳ್ಳೆಯ ಟವರ್ ಕೂಲರ್ ಕೂಡ ಸಾಕು. ನಿಮ್ಮ ಪ್ರೊಸೆಸರ್ ಆಟದ ಹೊತ್ತಿನಲ್ಲಿ ಎಳೆಯುವುದು ಸಾಮಾನ್ಯವಾಗಿ 80 ವ್ಯಾಟ್ ಒಳಗೇ. 253 ವ್ಯಾಟ್‌ವರೆಗೆ ಏರುವ ಕೋರ್ ಐ9 14900ಕೆ ಆಗಿದ್ದರೆ 360 ಹಾಕಿ ಎಂದೇ ಹೇಳುತ್ತಿದ್ದೆ.

ಆದರೆ "ರೂಮಿಗಿಂತ ತಣ್ಣಗೆ" ಎನ್ನುವ ಮಾತನ್ನು ಸುಮ್ನೆ ಬಿಟ್ಟು ಮುಂದೆ ಹೋಗಲು ನನ್ನಿಂದ ಆಗುವುದಿಲ್ಲ. ಪ್ರತಿ ಬೇಸಿಗೆಯಲ್ಲೂ ಇದೇ ಪ್ರಶ್ನೆ ಬರುತ್ತದೆ. ಇದನ್ನು ನಂಬಿ ಜನ ಸಾವಿರಾರು ರೂಪಾಯಿ ಜಾಸ್ತಿ ಸುರಿಯುತ್ತಾರೆ. ಈ ಸಲ ಪೂರ್ತಿ ಬಿಡಿಸಿ ಹೇಳುತ್ತೇನೆ.

ಈ ನಂಬಿಕೆ ಎಲ್ಲಿಂದ ಬಂತು ಎಂದು ನನಗೆ ಅರ್ಥವಾಗುತ್ತದೆ. ನಿಮ್ಮ ಊರಲ್ಲಿ ಮಡಕೆ ನೀರು ತಂಪಾಗಿರುತ್ತದೆ. ಕೂಲರ್‌ಗೆ ನೀರು ತುಂಬಿಸಿದರೆ ತಂಗಾಳಿ ಬರುತ್ತದೆ. ಹಾಗಾಗಿ ನೀರು ಇದ್ದಲ್ಲಿ ತಂಪು ಇರಲೇಬೇಕು ಅನ್ನಿಸುತ್ತದೆ, ಅಲ್ವಾ? ಆದರೆ ಮಡಕೆಯಲ್ಲಿ ತಂಪು ಮಾಡುವುದು ಸುಮ್ಮನೆ ನಿಂತ ನೀರಲ್ಲ, ಆವಿಯಾಗಿ ಹೋಗುವ ನೀರು. ಮಣ್ಣಿನ ಸಣ್ಣ ರಂಧ್ರಗಳಿಂದ ಹೊರಗೆ ಜಿನುಗಿ, ಆವಿಯಾಗುವಾಗ ಒಳಗಿನ ಶಾಖವನ್ನು ಎಳೆದುಕೊಂಡು ಹೋಗುತ್ತದೆ. ಕೂಲರ್‌ನಲ್ಲಿ ಒದ್ದೆ ಹುಲ್ಲಿನ ಪ್ಯಾಡ್ ಮಾಡುವುದೂ ಅದೇ ಕೆಲಸ. ಅದಕ್ಕೇ ಎರಡಕ್ಕೂ ಮತ್ತೆ ಮತ್ತೆ ನೀರು ತುಂಬಿಸುತ್ತೀರಿ. ಅದಕ್ಕೇ ಮಂಗಳೂರಿನ ಸೆಕೆಯಲ್ಲಿ ಕೂಲರ್ ಅಷ್ಟಾಗಿ ಕೆಲಸ ಮಾಡುವುದಿಲ್ಲ.

ಈಗ ಎಐಓ ನೋಡಿ. ಅದು ಸೀಲ್ ಮಾಡಿದ ಡಬ್ಬಿ. ಅಲ್ಲಿ ನೀರು ಆವಿಯಾಗಿ ತಂಪು ಮಾಡುವ ಮಾತೇ ಇಲ್ಲ. ನೀರು ಅಲ್ಲಿ ಹಮಾಲಿ ಕೆಲಸ ಮಾಡುತ್ತದೆ. ಪ್ರೊಸೆಸರ್ ಮೇಲೆ ಕೂತ ತಾಮ್ರದ ತಟ್ಟೆಯಿಂದ ಶಾಖವನ್ನು ಹೊತ್ತು ರೇಡಿಯೇಟರ್‌ಗೆ ತಂದು ಇಳಿಸುತ್ತದೆ, ಅಷ್ಟೇ. ಇಳಿಸಿದ ಶಾಖವನ್ನು ಫ್ಯಾನ್ ರೂಮಿನ ಗಾಳಿಗೆ ತಳ್ಳುತ್ತದೆ. ಶಾಖ ಹರಿಯುವುದು ಬಿಸಿ ಇರುವ ಕಡೆಯಿಂದ ತಣ್ಣಗಿರುವ ಕಡೆಗೆ. ರೂಮಿನ ಗಾಳಿ 38 ಡಿಗ್ರಿ ಇದ್ದರೆ ಒಳಗಿನ ನೀರು ಅದಕ್ಕಿಂತ ಬಿಸಿ ಇರಲೇಬೇಕು, ಇಲ್ಲದಿದ್ದರೆ ಶಾಖ ಹೊರಗೆ ಹೋಗುವುದೇ ಇಲ್ಲ. ಪ್ರೊಸೆಸರ್ ಆ ನೀರಿಗಿಂತಲೂ ಬಿಸಿ. 120 ಇರಲಿ, 420 ಇರಲಿ, ರೂಮಿನ ಬಿಸಿಗಿಂತ ಕೆಳಗೆ ಇಳಿಯುವುದು ಸಾಧ್ಯವಿಲ್ಲ. ದೊಡ್ಡ ರೇಡಿಯೇಟರ್ ಹಾಕಿದರೆ ಆ ಅಂತರ ಸ್ವಲ್ಪ ಕಡಿಮೆಯಾಗುತ್ತದೆ, ಫ್ಯಾನ್ ಸದ್ದೂ ಕಡಿಮೆಯಾಗುತ್ತದೆ.

ಲೆಕ್ಕವೂ ಸುಲಭ. ಬೆಂಗಳೂರಿನ 26 ಡಿಗ್ರಿ ರೂಮಿನಲ್ಲಿ 66 ತೋರಿಸುವ ಪ್ರೊಸೆಸರ್, ಅದೇ ಆಟ, ಅದೇ ಫ್ಯಾನ್ ಸ್ಪೀಡಿನಲ್ಲಿ ನಿಮ್ಮ 38 ಡಿಗ್ರಿ ರೂಮಿನಲ್ಲಿ ಹೆಚ್ಚುಕಡಿಮೆ 78 ತೋರಿಸುತ್ತದೆ. ನೋಡಿ ಗಾಬರಿಯಾಗಬೇಡಿ. ಈ ಚಿಪ್ಪಿಗೆ ಎಎಂಡಿ ಇಟ್ಟಿರುವ ಮಿತಿ 89. ಇದರಲ್ಲಿ ಕೋರ್‌ಗಳಿರುವ (ಲೆಕ್ಕ ಮಾಡುವ ಭಾಗಗಳಿರುವ) ಚಿಪ್ಪಿನ ಮೇಲೆ ಕ್ಯಾಶ್ ಎಂಬ ವೇಗದ ಮೆಮೊರಿಯ ಇನ್ನೊಂದು ಪದರ ಕೂತಿದೆ. ಕೋರ್‌ನ ಶಾಖ ಆ ಮೇಲಿನ ಪದರವನ್ನು ದಾಟಿ ಬರಬೇಕು. ಆ ಅಡ್ಡಿಯನ್ನು ಯಾವ ರೇಡಿಯೇಟರೂ ತೆಗೆಯಲಾರದು.

"ಆದರೆ ನಾನೇ ಕಣ್ಣಾರೆ ನೋಡಿದೆ, ಹತ್ತು ನಿಮಿಷ ಓಡಿಸಿದರೂ ತಣ್ಣಗಿತ್ತು" ಎನ್ನುವವರಿದ್ದಾರೆ. ನೀರು ಬಿಸಿಯಾಗಲು ಸಮಯ ಬೇಕು. ಸ್ಟೌ ಮೇಲೆ ಖಾಲಿ ಪಾತ್ರೆ ಕೂಡಲೇ ಕಾಯುತ್ತದೆ, ನೀರಿದ್ದರೆ ತಡವಾಗುತ್ತದೆ. ಇಲ್ಲೂ ಹಾಗೇ. ಅರ್ಧ ಗಂಟೆ ಆಡಿಸಿ, ಆಮೇಲೆ ನೋಡಿ.

ಇನ್ನು ರೂಮ್ ಬಿಸಿಯಾಗುವ ಮಾತು. 5070 ಕಾರ್ಡ್ ಒಂದೇ 250 ವ್ಯಾಟ್ ಎಳೆಯಬಲ್ಲದು. ಪ್ರೊಸೆಸರ್, ಉಳಿದ ಪಾರ್ಟ್ಸ್ ಎಲ್ಲ ಸೇರಿ ಸುಮಾರು 400 ಎಂದಿಟ್ಟುಕೊಳ್ಳಿ. ಆ 400 ವ್ಯಾಟೂ ಕೊನೆಗೆ ಶಾಖವಾಗಿ ನಿಮ್ಮ ರೂಮಿಗೇ ಬರುತ್ತದೆ. ನೀರು ಹೊತ್ತು ತಂದರೂ ಅಷ್ಟೇ, ಗಾಳಿ ಹೊತ್ತು ತಂದರೂ ಅಷ್ಟೇ. ಇನ್ನೊಂದು ವಿಷಯ ಗಮನಿಸಿ. ಜಾಸ್ತಿ ಶಾಖ ಬರುವುದು ಕಾರ್ಡಿನಿಂದ. ನಿಮ್ಮ ಎಐಓ ಅದನ್ನು ಮುಟ್ಟುವುದೂ ಇಲ್ಲ. ಹಾಗಾಗಿ 360ಕ್ಕೆ ಇಟ್ಟ ದುಡ್ಡಲ್ಲಿ ಒಂದು ಪಾಲನ್ನು ಗಾಳಿ ಚೆನ್ನಾಗಿ ಆಡುವ ಕ್ಯಾಬಿನೆಟ್‌ಗೆ ಹಾಕಿ. ಮುಂದುಗಡೆ ಗಾಜಲ್ಲ, ಜಾಲರಿ ಇರಲಿ. ಧೂಳಿನ ಫಿಲ್ಟರ್ ಬಿಚ್ಚಿ ತೊಳೆಯುವಂತಿರಲಿ.

ನೀರೇ ಬೇಕು ಎನ್ನುವ ಆಸೆ ಇದ್ದರೆ ತಪ್ಪಿಲ್ಲ, ನೋಡಲು ಚೆಂದವೂ ಹೌದು. ಕೊಳ್ಳುವ ಮೊದಲು ಅಳತೆ ನೋಡಿ. ಸಾಮಾನ್ಯ ರೇಡಿಯೇಟರ್ 27 ಎಂಎಂ ದಪ್ಪ, ಫ್ಯಾನ್ 25, ಒಟ್ಟು 52. ಆರ್ಕ್ಟಿಕ್ ಲಿಕ್ವಿಡ್ ಫ್ರೀಜರ್ 3 ಆದರೆ ರೇಡಿಯೇಟರೇ 38. ಮೇಲ್ಗಡೆ ಕೂರಿಸುವಾಗ ಎತ್ತರದ ರ‍್ಯಾಮ್‌ಗೆ ತಾಗುತ್ತದಾ ನೋಡಿಕೊಳ್ಳಿ. ಕೆಳಗಡೆ ಮಾತ್ರ ಹಾಕಿಸಬೇಡಿ. ಒಳಗಿರುವ ಒಂದಿಷ್ಟು ಗಾಳಿ ಮೇಲೇರಿ ಪಂಪ್‌ನಲ್ಲಿ ಸೇರಿಕೊಳ್ಳುತ್ತದೆ. ಆಗ ಪಂಪ್ ಗಳಗಳ ಸದ್ದು ಮಾಡುತ್ತದೆ, ಬೇಗ ಸವೆಯುತ್ತದೆ. ತಾಮ್ರದ ತಟ್ಟೆಯ ಮೇಲಿನ ಪ್ಲಾಸ್ಟಿಕ್ ಹಾಳೆ ತೆಗೆದಿದ್ದಾರಾ ಎಂದು ನೀವೇ ನಿಂತು ನೋಡಿ. ನನ್ನ ಅಕ್ಕನ ಮಗನ ಪಿಸಿಯಲ್ಲಿ ಅದು ಹಾಗೇ ಉಳಿದು, ಎರಡು ವಾರ ಪಾಪ ಹುಡುಗ ಪ್ರೊಸೆಸರೇ ಸರಿಯಿಲ್ಲ ಎಂದುಕೊಂಡಿದ್ದ.

ಪೈಪ್, ಟ್ಯಾಂಕ್ ಬೇರೆ ಬೇರೆ ತಂದು ಜೋಡಿಸುವ ಕಸ್ಟಮ್ ಲೂಪ್ ಮೊದಲ ಸಲಕ್ಕೆ ಬೇಡ. ಮುಂದೆ ಯಾವತ್ತಾದರೂ ಮಾಡಿದರೆ ತಾಮ್ರ ಮತ್ತು ಅಲ್ಯೂಮಿನಿಯಂ ಒಂದೇ ಲೂಪಿನಲ್ಲಿ ಸೇರಿಸಬೇಡಿ, ಅಲ್ಯೂಮಿನಿಯಂ ತಿಂದುಹೋಗುತ್ತದೆ. ಬೋರ್‌ವೆಲ್ ನೀರಂತೂ ಬೇಡವೇ ಬೇಡ.

ನೀವು ಕೇಳದ ಒಂದು ವಿಷಯ ಉಳಿಯಿತು. ಕರೆಂಟ್ ಹೋದರೆ ಪಂಪ್ ನಿಲ್ಲುತ್ತದೆ, ಪ್ರೊಸೆಸರೂ ಅದೇ ಕ್ಷಣ ನಿಲ್ಲುತ್ತದೆ. ಅದರಿಂದ ಏನೂ ಸುಡುವುದಿಲ್ಲ. ತೊಂದರೆ ಇರುವುದು ಮನೆಯ ಇನ್ವರ್ಟರ್‌ನಲ್ಲಿ. ಅದು ಸಾಮಾನ್ಯ ಮೋಡಿನಲ್ಲಿದ್ದರೆ ಕರೆಂಟಿನಿಂದ ಬ್ಯಾಟರಿಗೆ ಹೊರಳುವಷ್ಟರಲ್ಲಿ ಪಿಸಿ ರೀಸ್ಟಾರ್ಟ್ ಆಗಬಹುದು. ಯುಪಿಎಸ್ ಮೋಡಿಗೆ ಹಾಕುವ ಸ್ವಿಚ್ ಇದೆಯಾ ನೋಡಿ. ಪಿಸಿಗೆಂದೇ ಬೇರೆ ಯುಪಿಎಸ್ ತರುವುದಾದರೆ ವಿಎ ನೋಡಿ ಮೋಸಹೋಗಬೇಡಿ, ವ್ಯಾಟ್ ಕೇಳಿ. 600 ವಿಎ ಎಂದು ಬರೆದಿದ್ದರೆ ಸಾಮಾನ್ಯವಾಗಿ ಸಿಗುವುದು 360 ವ್ಯಾಟ್, ನಿಮ್ಮ ಪಿಸಿಗೆ ಸಾಲದು. 600 ವ್ಯಾಟ್ ಇರುವುದನ್ನು ತನ್ನಿ. ಆಟ ಸೇವ್ ಮಾಡಿ ಶಟ್‌ಡೌನ್ ಮಾಡಲು ಐದು ನಿಮಿಷ ಸಿಕ್ಕರೆ ಸಾಕು.