ಠಣ್ ಬೇಡ, ಛಳ್ ಬೇಕು

ಸಾಗರದ ಹತ್ತಿರದ ಹಳ್ಳಿಯಲ್ಲಿ ನನ್ನ ಅಕ್ಕನ ಮನೆ. ಅವಳ ಮಗ ಶಿವಮೊಗ್ಗದ ಆರ್ಕೆಸ್ಟ್ರಾದಲ್ಲಿ ಡ್ರಮ್ಸ್ ಬಾರಿಸುತ್ತಾನೆ. ಹೋದ ಮಳೆಗಾಲದಲ್ಲಿ ಅವನು ಸಾಮಿಲ್ಲಿನಿಂದ ಒಂದು ಹಳೇ ದುಂಡು ಗರಗಸದ ಬ್ಲೇಡ್ ಹೊತ್ತು ತಂದ. ಹಲ್ಲುಗಳನ್ನು ಗ್ರೈಂಡರಿನಲ್ಲಿ ಉಜ್ಜಿಸಿ, ಸ್ಟ್ಯಾಂಡಿಗೆ ಸಿಕ್ಕಿಸಿ ಬಾರಿಸಿದ. ಠಣ್! ಒಳಗಿಂದ ಅಕ್ಕ, "ಇಷ್ಟು ಹೊತ್ತಿಗೆ ಯಾರೋ ಜಾಗಟೆ ಹೊಡೆಯೋದು?" ಅಂದಳು.

ಅವನಿಗೆ ಬೇಕಿದ್ದದ್ದು ಎಫೆಕ್ಟ್ಸ್ ಸಿಂಬಲ್. ಸಿಂಬಲ್ ಅಂದರೆ ಡ್ರಮ್ಸಿನ ಜೊತೆ ಕೋಲಿನಿಂದ ಬಾರಿಸುವ ಲೋಹದ ತಟ್ಟೆ; ಎಫೆಕ್ಟ್ಸ್ ಅಂದರೆ ನಡುನಡುವೆ ವಿಶೇಷ ಸದ್ದಿಗೆ ಬಳಸುವಂಥದ್ದು. ಛಳ್ ಅಂತ ಒಡೆದಂತೆ ಕೇಳಿ ತಕ್ಷಣ ಸಾಯುವ ಸದ್ದು.

ತಪ್ಪಿದ್ದು ದಪ್ಪದಲ್ಲಿ. ತಗಡಿನ ದಪ್ಪ ಎರಡು ಪಟ್ಟಾದರೆ ಅದನ್ನು ಬಾಗಿಸಲು ಎಂಟು ಪಟ್ಟು ಬಲ ಬೇಕು. ಹಾಗಾಗಿ ದಪ್ಪ ಬ್ಲೇಡ್ ಪೆಟ್ಟಿಗೆ ಹೆಚ್ಚು ಬಳುಕುವುದಿಲ್ಲ. ಕೆಲವೇ ಕಂಪನಗಳು ಎದ್ದು, ಹಾಗೇ ಮೊಳಗುತ್ತಾ ಇರುತ್ತವೆ. ತೆಳು ಸಿಂಬಲ್ಲಿನ ಕಥೆಯೇ ಬೇರೆ. ಜೋರಾಗಿ ಹೊಡೆದಾಗ ಅದು ತನ್ನ ದಪ್ಪದಷ್ಟೇ ಬಳುಕಿಬಿಡುತ್ತದೆ. ಆಗ ನಿಧಾನದ ಕಂಪನಗಳ ಶಕ್ತಿ ವೇಗದ ನೂರಾರು ಕಂಪನಗಳಿಗೆ ಸೋರಿ ಹೋಗುತ್ತದೆ. ತಂತಿಯ ಮೇಲಿನ ಸ್ವರಗಳು ಎರಡು ಪಟ್ಟು, ಮೂರು ಪಟ್ಟು ಅಂತ ಲೆಕ್ಕಕ್ಕೆ ಕೂರುತ್ತವಲ್ಲ, ಇವು ಹಾಗೆ ಕೂರುವುದಿಲ್ಲ. ಈ ಗೋಜಲೇ ಕಿವಿಗೆ 'ಛ್' ಅಂತ ಕೇಳುವುದು.

ಒಳ್ಳೆಯ ಸಿಂಬಲ್ಲಿಗೆ ಕಂಚು ಬೇಕು. ನೂರಕ್ಕೆ 80 ಪಾಲು ತಾಮ್ರ, 20 ಪಾಲು ತವರ. ಈ ಕಂಚಿನದು ಉಲ್ಟಾ ಸ್ವಭಾವ. ನಮ್ಮ ಕುಲುಮೆಯಲ್ಲಿ ಕತ್ತಿಯನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಗಡಸಾಗುತ್ತದೆ. ಕಂಚನ್ನು ಹಾಗೆ ಅದ್ದಿದರೆ ಮೆದುವಾಗುತ್ತದೆ! ನಿಧಾನಕ್ಕೆ ಆರಲು ಬಿಟ್ಟರೆ ಪೆಟ್ಟಿಗೆ ಸೀಳಿಬಿಡುತ್ತದೆ. ಅದ್ದಿದ ಮೇಲೇ ಸುತ್ತಿಗೆ ಕೆಲಸ. ಒಂದೊಂದು ಪೆಟ್ಟೂ ತಗಡನ್ನು ಅಲ್ಲಲ್ಲಿ ಬಿಗಿ ಮಾಡುತ್ತದೆ, ಸದ್ದನ್ನು ಇನ್ನಷ್ಟು ಕದಡುತ್ತದೆ. ತಮಾಷೆ ಅಂದರೆ, ದೊಡ್ಡ ಗರಗಸದ ಬ್ಲೇಡಿಗೂ ಹೀಗೇ ಸುತ್ತಿಗೆಯಿಂದ ಬಿಗಿ ಕೊಡುತ್ತಾರೆ. ಅಲ್ಲಿನ ಉದ್ದೇಶ ಸದ್ದಲ್ಲ, ತಿರುಗುವಾಗ ಅಂಚು ಓಲಾಡಬಾರದು ಅಷ್ಟೆ.

ಕಂಚಿಗೆ ಹುಡುಗನ ಹತ್ತಿರ ದುಡ್ಡೆಲ್ಲಿ? ಅಡುಗೆಮನೆಯ ಸ್ಟೀಲ್ ತಟ್ಟೆಯೊಂದನ್ನು ಸುಮ್ನೆ ಎತ್ತಿಕೊಂಡು ಹೋಗಿ, ನಡುವೆ ತೂತು ಕೊರೆದು, ಬಡಿದು ಬಡಿದು ಸೊಟ್ಟ ಮಾಡಿದ. ಬಿರುಕು ಬಿಟ್ಟ ಹಳೇ ಸಿಂಬಲ್ಲಿನ ಮೇಲೆ ಅದನ್ನು ಕೂರಿಸಿದ. ಡ್ರಮ್ಸಿನವರು ಇದಕ್ಕೆ ಸ್ಟ್ಯಾಕ್ ಅಂತಾರೆ. ಎರಡೂ ಒಂದಕ್ಕೊಂದು ಉಜ್ಜಿ, ಕಂಪನದ ಶಕ್ತಿ ಅಲ್ಲೇ ಶಾಖವಾಗಿ ಮುಗಿಯುತ್ತದೆ. ಛಳ್. ಅಷ್ಟೇ!

ಅಕ್ಕ ಇನ್ನೂ ಆ ತಟ್ಟೆ ಹುಡುಕುತ್ತಿದ್ದಾಳೆ. ಬ್ಲೇಡ್ ಮಾತ್ರ ಅಂಗಳದಲ್ಲಿ ನೇತಾಡುತ್ತಿದೆ. ಒಂದು ಪೆಟ್ಟು ಕೊಟ್ಟರೆ ಸಾಕು, ತೋಟದ ಆಚೆ ತುದಿಯಲ್ಲಿ ಅಡಿಕೆ ಕೀಳುವವರು ಚಹಾಕ್ಕೆ ಬರುತ್ತಾರೆ.