ದುಭಾಷಿಯಿಲ್ಲದ ಆಸ್ಪತ್ರೆಗಳು: ಅಮೆರಿಕದ ಲ್ಯಾಟಿನೊ ಬಡಾವಣೆಗಳ ಆರೋಗ್ಯದ ಕಥೆ

1980ರಲ್ಲಿ ಫ್ಲಾರಿಡಾದ ಆಸ್ಪತ್ರೆಯೊಂದಕ್ಕೆ ಹದಿನೆಂಟು ವರ್ಷದ ಹುಡುಗನನ್ನು ಪ್ರಜ್ಞೆಯಿಲ್ಲದ ಸ್ಥಿತಿಯಲ್ಲಿ ತಂದರು. ಮನೆಯವರ ಬಾಯಿಂದ ಬಂದ ಒಂದು ಪದ 'ಇಂಟಾಕ್ಸಿಕಾಡೊ'. ಕ್ಯೂಬಾ ಕಡೆಯ ಸ್ಪ್ಯಾನಿಷ್‌ನಲ್ಲಿ, ತಿಂದದ್ದೇನೋ ಒಗ್ಗದೆ ಆರೋಗ್ಯ ಕೆಟ್ಟಿದೆ ಎಂದಷ್ಟೇ ಅದರ ಅರ್ಥ. ಇಂಗ್ಲಿಷ್ ಕಿವಿಗೆ ಅದು ಅಮಲಿನ ಮಾತಾಗಿ ಕೇಳಿಸಿತು. ಮಾದಕ ವಸ್ತು ಸೇವಿಸಿದ್ದಾನೆಂದೇ ಚಿಕಿತ್ಸೆ ನಡೆಯಿತು. ಮಿದುಳಿನಲ್ಲಿ ರಕ್ತ ಸೋರುತ್ತಿರುವುದು ತಿಳಿಯುವಷ್ಟರಲ್ಲಿ ಕೈಕಾಲುಗಳ ಸ್ವಾಧೀನವೇ ಹೋಗಿತ್ತು. ದುಭಾಷಿಯನ್ನು ಯಾರೂ ಕರೆಸಿರಲಿಲ್ಲ.

ಅಮೆರಿಕದಲ್ಲಿ ಲ್ಯಾಟಿನೊ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ, ಸಮುದಾಯದ ಶಿಕ್ಷಣ ಮತ್ತು ಆರೋಗ್ಯದ ಚರ್ಚೆ ಈಗ ವಲಸೆ, ವಿಮೆ, ಪೌರತ್ವಗಳ ಗೋಜಲಿನಲ್ಲಿ ಸಿಕ್ಕಿಕೊಂಡಿದೆ. ಆದರೆ ಎಳೆ ಹಿಡಿದು ಹಿಂದಕ್ಕೆ ಹೋದರೆ ಸಿಗುವುದು ಬಹಳ ಸಣ್ಣ ಬೇಡಿಕೆ: ನಮ್ಮ ಮಾತು ಅರ್ಥವಾಗುವವರೊಬ್ಬರು ಅಲ್ಲಿರಲಿ.

1917ರಲ್ಲಿ, ಅಮೆರಿಕದ ಅಧೀನದಲ್ಲಿರುವ ಕೆರಿಬಿಯನ್ ದ್ವೀಪ ಪೋರ್ಟೊ ರಿಕೊದವರಿಗೆ ಅಮೆರಿಕದ ಪೌರತ್ವ ಸಿಕ್ಕಿತು. 1942ರಿಂದ 1964ರವರೆಗೆ ಮೆಕ್ಸಿಕೊದ ಕೂಲಿಗಳು ಒಪ್ಪಂದದ ಮೇಲೆ ಹೊಲಗಳಿಗೆ ಬಂದರು. 1962ರಲ್ಲಿ ವಲಸೆ ಕೃಷಿ ಕಾರ್ಮಿಕರ ಆರೋಗ್ಯಕ್ಕೆಂದು ಕಾನೂನು ಬಂತು. ಕಾಗದದ ಮೇಲೆ ಎಲ್ಲವೂ ಇತ್ತು.

ನ್ಯೂಯಾರ್ಕ್‌ನ ಬಡಾವಣೆಗಳಲ್ಲಿ ಇದ್ದದ್ದು ಬೇರೆ. ಪೋರ್ಟೊ ರಿಕೊದ ರಾಜಧಾನಿ ಸ್ಯಾನ್ ಹುವಾನ್‌ನಿಂದ ಬಂದು ಕಾರ್ಖಾನೆಯಲ್ಲಿ ದುಡಿದಿದ್ದ ಆಂಟೋನಿಯಾ ಪಾಂಟೋಹಾ 1961ರಲ್ಲಿ 'ಆಸ್ಪಿರಾ' ಸಂಸ್ಥೆ ಕಟ್ಟಿದರು. ಹೈಸ್ಕೂಲು ಬಿಡುತ್ತಿದ್ದ ಮಕ್ಕಳನ್ನು ಹಿಡಿದು ನಿಲ್ಲಿಸಿ ಕಾಲೇಜಿನತ್ತ ತಿರುಗಿಸುವುದು ಅದರ ಕೆಲಸ. ಇಂಗ್ಲಿಷ್ ಬಾರದ ಮಕ್ಕಳಿಗೆ ಅವರ ಭಾಷೆಯಲ್ಲೂ ಪಾಠ ಹೇಳಬೇಕೆಂದು ಅದೇ ಸಂಸ್ಥೆ ನ್ಯಾಯಾಲಯಕ್ಕೆ ಹೋಯಿತು. 1974ರಲ್ಲಿ ನಗರದ ಶಾಲಾಡಳಿತ ಒಪ್ಪಿಕೊಂಡಿತು.

ಆರೋಗ್ಯದ ವಿಷಯದಲ್ಲಿ ತಾಳ್ಮೆ ಬೇಗ ಮುಗಿಯಿತು. ಪೋರ್ಟೊ ರಿಕೊ ಮೂಲದವರೇ ಹೆಚ್ಚಿದ್ದ 'ಯಂಗ್ ಲಾರ್ಡ್ಸ್' ಎಂಬ ಯುವಕ ಯುವತಿಯರ ಗುಂಪು 1969ರ ಬೇಸಿಗೆಯಲ್ಲಿ ಈಸ್ಟ್ ಹಾರ್ಲೆಮ್‌ನ ಬೀದಿಗಳನ್ನು ಗುಡಿಸಿತು. ಆ ಕಸವನ್ನು ಯಾರೂ ಒಯ್ಯದಿದ್ದಾಗ ರಸ್ತೆಯ ನಡುವೆ ರಾಶಿ ಹಾಕಿ ಸಂಚಾರ ತಡೆಯಿತು. ಹಳೆಯ ಮನೆಗಳ ಗೋಡೆಯಿಂದ ಉದುರುವ ಸೀಸದ ಬಣ್ಣವನ್ನು ಮಕ್ಕಳು ಬಾಯಿಗೆ ಹಾಕಿಕೊಳ್ಳುತ್ತಿದ್ದುದರಿಂದ, ಮನೆ ಮನೆಗೆ ಹೋಗಿ ಪರೀಕ್ಷೆ ನಡೆಸಿತು. 1970ರ ಜೂನ್‌ನಲ್ಲಿ ಕ್ಷಯ ಪತ್ತೆಯ ಎಕ್ಸ್‌ರೇ ವಾಹನವನ್ನೇ ವಶಪಡಿಸಿಕೊಂಡು ತಮ್ಮ ಕಚೇರಿಯ ಹತ್ತಿರ ನಿಲ್ಲಿಸಿತು. ಮಾಡಿದ್ದು ಕಾನೂನಿಗೆ ವಿರುದ್ಧ, ನಿಜ. ಆದರೆ ಅವರು ಆ ವಾಹನವನ್ನು ಒಯ್ದದ್ದು ಜನರ ಎದೆಯ ಚಿತ್ರ ತೆಗೆಯುವುದಕ್ಕೇ ಎಂಬುದನ್ನೂ ನೆನಪಿಡಬೇಕು.

ಜುಲೈ 14ರ ಬೆಳಗಿನ ಜಾವ ಅವರು ದಕ್ಷಿಣ ಬ್ರಾಂಕ್ಸ್‌ನ ಲಿಂಕನ್ ಆಸ್ಪತ್ರೆಗೆ ನುಗ್ಗಿದರು. ಹಳೆಯ, ಶಿಥಿಲ ಕಟ್ಟಡ. ಬಡಾವಣೆಯವರು ಅದನ್ನು ಕಸಾಯಿಖಾನೆ ಎಂದೇ ಕರೆಯುತ್ತಿದ್ದರು. ಸುಮಾರು ಹನ್ನೆರಡು ಗಂಟೆಗಳ ಕಾಲ ಕಟ್ಟಡದ ಒಂದು ಭಾಗ ಅವರ ಕೈಯಲ್ಲಿತ್ತು. ಮೇಲೆ ಪೋರ್ಟೊ ರಿಕೊದ ಬಾವುಟ ಹಾರಿತು. ಒಳಗೆ ಕ್ಷಯ, ರಕ್ತಹೀನತೆಗಳ ತಪಾಸಣೆ ನಡೆಯಿತು. ಹೊಸ ಕಟ್ಟಡ, ಮನೆ ಬಾಗಿಲಿಗೆ ಆರೋಗ್ಯ ಸೇವೆ, ಸಿಬ್ಬಂದಿಯ ಮಕ್ಕಳಿಗೆ ಶಿಶುವಿಹಾರ ಎಂದು ಕೇಳಿದರು. ಅದೇ ವರ್ಷದ ನವೆಂಬರ್‌ನಲ್ಲಿ ಅಲ್ಲಿ ಹೆರಾಯಿನ್ ವ್ಯಸನಿಗಳ ಚಿಕಿತ್ಸಾ ಕೇಂದ್ರ ಶುರುವಾಯಿತು. ಕಿವಿಗೆ ಸೂಜಿ ಚುಚ್ಚಿ ವ್ಯಸನದ ಯಾತನೆ ತಗ್ಗಿಸುವ ವಿಧಾನ ಬೆಳೆದದ್ದು ಅಲ್ಲಿಯೇ. 1976ರಲ್ಲಿ ಹೊಸ ಕಟ್ಟಡ ತೆರೆಯಿತು.

ಮುಂದಿನ ದಶಕಗಳದ್ದು ಕೊಡುವ, ಕಿತ್ತುಕೊಳ್ಳುವ ಆಟ. ದಾಖಲೆಯಿಲ್ಲದ ಮಕ್ಕಳನ್ನೂ ಸರ್ಕಾರಿ ಶಾಲೆಯಿಂದ ಹೊರಗಿಡುವಂತಿಲ್ಲ ಎಂದು 1982ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 1996ರ ಕಾನೂನು, ಸಕ್ರಮವಾಗಿ ಬಂದ ಹೆಚ್ಚಿನ ವಲಸಿಗರನ್ನೂ ಮೊದಲ ಐದು ವರ್ಷ ಬಡವರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೈಡ್‌ನಿಂದ ದೂರವಿಟ್ಟಿತು. ಸರ್ಕಾರಿ ನೆರವಿನ ಸಂಸ್ಥೆಗಳಲ್ಲಿ ಭಾಷಾ ಸಹಾಯ ಸಿಗುವಂತೆ 2000ದಲ್ಲಿ ಹೊರಟ ಅಧ್ಯಕ್ಷೀಯ ಆದೇಶವನ್ನು 2025ರ ಮಾರ್ಚ್‌ನಲ್ಲಿ ಹಿಂತೆಗೆದುಕೊಳ್ಳಲಾಯಿತು.

ಈ ಏರಿಳಿತದ ನಡುವೆ ಕೆಲಸ ನಿಲ್ಲಿಸದವರು 'ಪ್ರೊಮೊತೋರಾ'ಗಳು. ನಮ್ಮ ಆಶಾ ಕಾರ್ಯಕರ್ತೆಯರನ್ನು ಬಲ್ಲವರಿಗೆ ಅವರ ಪರಿಚಯ ಬೇಕಿಲ್ಲ: ಅದೇ ಓಣಿಯ ಹೆಂಗಸರು, ಅಡುಗೆಮನೆಯಲ್ಲಿ ಕುಳಿತು ಸಕ್ಕರೆ ಕಾಯಿಲೆಯ ಬಗ್ಗೆ ಮನೆಮಾತಿನಲ್ಲಿ ಹೇಳುವವರು.

ಕ್ಯಾಲಿಫೋರ್ನಿಯಾ 2024ರ ಜನವರಿಯಲ್ಲಿ, ಆದಾಯದ ಮಿತಿಯೊಳಗಿದ್ದರೆ ದಾಖಲೆಯಿಲ್ಲದ ಎಲ್ಲ ವಯಸ್ಸಿನವರಿಗೂ ತನ್ನ ಆರೋಗ್ಯ ವಿಮೆಯನ್ನು ತೆರೆಯಿತು. 2026ರ ಜನವರಿಯಿಂದ ಅಂಥ ವಯಸ್ಕರ ಹೊಸ ನೋಂದಣಿ ನಿಂತಿದೆ. ಒಂದೇ ಮನೆಯ ಹದಿನೇಳರ ತಂಗಿ ಈಗಲೂ ಹೆಸರು ಬರೆಸಬಹುದು. ಇಪ್ಪತ್ತರ ಅಣ್ಣ ಹೊಸದಾಗಿ ಬರೆಸುವಂತಿಲ್ಲ.